ಪರಿಮಳದ ಎಲೆ ಚಹಾ ಕಹಿಯಾಗದಂತೆ ಮಾಡುವುದು ಹೇಗೆ?

ಪ್ರಶ್ನೆ (ಸಾಗರದಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಇದುವರೆಗೆ ಚಹಾ ಎಂದರೆ ಪುಡಿ, ಹಾಲು, ಸಕ್ಕರೆ ಮತ್ತು ಜಜ್ಜಿದ ಒಂದು ಚೂರು ಶುಂಠಿ, ಇಷ್ಟೇ ಆಗಿತ್ತು. ಕಳೆದ ತಿಂಗಳು ಗೃಹಪ್ರವೇಶಕ್ಕೆ ಬಂದಿದ್ದ ಬಂಧುಗಳೊಬ್ಬರು ನಾಲ್ಕು ಸಣ್ಣ ಡಬ್ಬಿಗಳಲ್ಲಿ ಎಲೆ ಚಹಾವನ್ನು ಉಡುಗೊರೆಯಾಗಿ ಕೊಟ್ಟರು: ಮಲ್ಲಿಗೆಯ ಹಸಿರು ಚಹಾ, ಅರ್ಲ್ ಗ್ರೇ, ಡಾರ್ಜಿಲಿಂಗಿನ ಎರಡನೆಯ ಕೊಯ್ಲಿನ ಚಹಾ ಮತ್ತು ಲ್ಯಾಪ್ಸಾಂಗ್ ಸೂಚಾಂಗ್ ಎಂಬ, ಹೊಗೆಯ ವಾಸನೆಯುಳ್ಳ ಚೀನಾದ ಚಹಾ. ಮಲ್ಲಿಗೆಯ ಡಬ್ಬಿಯ ಮುಚ್ಚಳ ತೆಗೆದಾಗ ಬಂದ ಘಮಕ್ಕೆ ಮನಸೋತು, ಅದನ್ನೇ ಮೊದಲು ಮಾಡೋಣವೆಂದು ವಾಡಿಕೆಯಂತೆ ಐದು ನಿಮಿಷ ಕುದಿಸಿದೆ. ಪರಿಮಳವೆಲ್ಲ ಅಡುಗೆಮನೆಯಲ್ಲಿ ಹರಡಿತೇ ಹೊರತು ಲೋಟದಲ್ಲಿ ಉಳಿದದ್ದು ಬರೀ ಕಹಿ. ಹಾಲು ಬೆರೆಸಿದ ಮೇಲೆ ಅದು ಇನ್ನೂ ಕೆಟ್ಟಿತು. ಉಳಿದ ಮೂರನ್ನು ಹಾಳುಮಾಡಲು ಮನಸ್ಸಿಲ್ಲ. ಎಷ್ಟು ಎಲೆ, ಎಷ್ಟು ಬಿಸಿಯ ನೀರು, ಎಷ್ಟು ಹೊತ್ತು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು. ನಾಲ್ಕನ್ನೂ ಒಂದೇ ಸಲ ಕೂತು ಹೋಲಿಸಿ ನೋಡುವ ಆಸೆಯೂ ಇದೆ. ಅದಕ್ಕೆ ಯಾವ ಕ್ರಮ ಒಳ್ಳೆಯದು?

ಉತ್ತರ (ಕೂನೂರಿನಿಂದ)

ನೀಲಗಿರಿಯ ಒಂದು ಚಹಾ ಕಾರ್ಖಾನೆಯಲ್ಲಿ ಹಲವು ವರ್ಷ ರುಚಿ ನೋಡುವ ಕೆಲಸ ಮಾಡಿದವನಾದ್ದರಿಂದ, ನಿಮ್ಮ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ತಪ್ಪು ನಿಮ್ಮ ಕೈಯದಲ್ಲ, ಕುದಿಸಿದ್ದರದು. ನಾವು ದಿನವೂ ಬಳಸುವ ಸಿಟಿಸಿ ಪುಡಿಯನ್ನು ಯಂತ್ರದ ಉರುಳೆಗಳ ನಡುವೆ ಜಜ್ಜಿ, ಹರಿದು, ಕಾಳಿನಂತೆ ಸುರುಳಿಸಿರುತ್ತಾರೆ. ಬಣ್ಣ ಮತ್ತು ಕಡುತನ ಬೇಗ ಬಿಡಲಿ, ಹಾಲಿನ ಎದುರು ನಿಲ್ಲಲಿ ಎಂಬುದೇ ಅದರ ಉದ್ದೇಶ. ಇಡೀ ಎಲೆಯ ಚಹಾ ನಿಧಾನವಾಗಿ ಬಿಚ್ಚಿಕೊಳ್ಳುವಂಥದ್ದು. ಅದನ್ನು ಒಲೆಯ ಮೇಲಿಟ್ಟು ಕುದಿಸಿದರೆ ಪರಿಮಳದ ಅಂಶಗಳು ಆವಿಯೊಡನೆ ಹಾರಿಹೋಗುತ್ತವೆ, ಕಹಿಯ ಅಂಶಗಳು ಮಾತ್ರ ಧಾರಾಳವಾಗಿ ನೀರಿಗಿಳಿಯುತ್ತವೆ. ಆದ್ದರಿಂದ ನೀರನ್ನು ಬೇರೆಯಾಗಿ ಕಾಯಿಸಿ, ಒಲೆಯಿಂದ ಇಳಿಸಿ, ಎಲೆಯ ಮೇಲೆ ಸುರಿದು ಮುಚ್ಚಿಡಬೇಕು.

150 ಮಿಲಿಲೀಟರ್ ನೀರಿಗೆ 2 ಗ್ರಾಂ ಎಲೆ ಸಾಕು. ಚಮಚದ ಲೆಕ್ಕವನ್ನು ನಂಬಬೇಡಿ, ಏಕೆಂದರೆ ಒಂದು ಚಮಚ ಸಿಟಿಸಿಗಿಂತ ಒಂದು ಚಮಚ ಉದ್ದೆಲೆ ಬಹಳ ಹಗುರ. ಡಾರ್ಜಿಲಿಂಗ್, ಅರ್ಲ್ ಗ್ರೇ ಮತ್ತು ಲ್ಯಾಪ್ಸಾಂಗ್‌ಗೆ ಆಗಷ್ಟೇ ಕುದಿದ ನೀರು, ಮೂರು ನಿಮಿಷ. ಮಲ್ಲಿಗೆಯದಕ್ಕೆ ಸುಮಾರು 80 ಡಿಗ್ರಿಯ ನೀರು, ಎರಡು ನಿಮಿಷ. ತಾಪಮಾಪಕ ಬೇಕಿಲ್ಲ, ಕುದಿದ ನೀರನ್ನು ತಣ್ಣಗಿನ ಪಾತ್ರೆಗಳಿಗೆ ಎರಡು ಬಾರಿ ಬಗ್ಗಿಸಿದರೆ ಆ ಹದಕ್ಕೆ ಬರುತ್ತದೆ. (ಕೂನೂರಿನಷ್ಟು ಎತ್ತರದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆಯಾದ್ದರಿಂದ ನಮಗೆ ಒಂದೇ ಬಾರಿ ಸಾಕಾಗುತ್ತದೆ.) ಕಾರ್ಖಾನೆಯಲ್ಲಿ ನಾವು 100 ಮಿಲಿಲೀಟರಿಗೆ 2 ಗ್ರಾಂ ಹಾಕಿ ಆರು ನಿಮಿಷ ಬಿಡುತ್ತಿದ್ದೆವು, ಆದರೆ ಅದು ಚಹಾದ ದೋಷಗಳನ್ನು ಹೊರಗೆಳೆಯುವ ವಿಧಾನ, ಮನೆಯಲ್ಲಿ ಕುಡಿಯುವುದಕ್ಕಲ್ಲ.

ಕ್ರಮದ ವಿಷಯದಲ್ಲಿ, ಮೊದಲು ಡಾರ್ಜಿಲಿಂಗನ್ನೇ ಕುಡಿಯಿರಿ. ನಿಮ್ಮ ನಾಲ್ಕು ಡಬ್ಬಿಗಳಲ್ಲಿ ಹೊರಗಿನಿಂದ ಯಾವ ಪರಿಮಳವೂ ಸೇರದಿರುವುದು ಅದೊಂದೇ. ಮೇ-ಜೂನ್‌ನಲ್ಲಿ ಕೊಯ್ಯುವ ಆ ಎಲೆಯ ರಸವನ್ನು ಜಿಗಿಹುಳುಗಳು ಹೀರುತ್ತವೆ. ಗಿಡ ತನ್ನ ರಕ್ಷಣೆಗಾಗಿ ಕೆಲವು ಸುವಾಸನೆಯ ದ್ರವ್ಯಗಳನ್ನು ಉಂಟುಮಾಡುತ್ತದೆ, ಮಾಗಿದ ದ್ರಾಕ್ಷಿಯನ್ನು ನೆನಪಿಸುವ ಘಮ ಬರುವುದು ಹೀಗೆ. ಅದಾದ ಮೇಲೆ ಮಲ್ಲಿಗೆ. ಆಮೇಲೆ ಅರ್ಲ್ ಗ್ರೇ. ಅದರದು ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆಯಿಂದ ಬಂದ ಪರಿಮಳ. ಹೆರಳೆಕಾಯಿಯ ಸಿಪ್ಪೆಯನ್ನು ಮಡಿಸಿ ಹಿಂಡಿದರೆ ಸಿಡಿಯುವ ಘಮಕ್ಕೆ ಅದು ಹತ್ತಿರವೆಂದು ನನಗೆ ಅನಿಸಿದೆ. ಪೈನ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿದ ಲ್ಯಾಪ್ಸಾಂಗ್ ಕಡೆಯದಾಗಿರಲೇಬೇಕು. ಅದನ್ನು ಕುಡಿದ ನಾಲಿಗೆಗೆ ಬಹಳ ಹೊತ್ತು ಬೇರೇನೂ ತಿಳಿಯುವುದಿಲ್ಲ.

ಹಿರಿಯರು ಬಸಿಗೆ ಬಗ್ಗಿಸಿಕೊಂಡು ಸೊರ್ರೆಂದು ಹೀರುತ್ತಿದ್ದಂತೆ ನೀವೂ ಸಂಕೋಚವಿಲ್ಲದೆ ಹೀರಿ. ಗಾಳಿಯೊಡನೆ ಒಳಹೋದ ಚಹಾದ ಘಮ ಗಂಟಲಿನ ಹಿಂದಿನಿಂದ ಮೂಗಿಗೆ ಏರುತ್ತದೆ. ನಾವು ರುಚಿ ನೋಡುವವರು ಮಾಡುವುದೂ ಇದನ್ನೇ. ಇನ್ನೊಂದು ಮಾತು: ಕಹಿ ಬೇರೆ, ಒಗರು ಬೇರೆ. ಎಳೆಯ ಬಾಳೆಕಾಯಿಯಂತೆ ಬಾಯನ್ನು ಒಂದಿಷ್ಟು ಬಿಗಿಹಿಡಿಯುವ ಒಗರು ಒಳ್ಳೆಯ ಚಹಾದಲ್ಲಿ ಇರಬೇಕಾದ ಗುಣ. ಅದನ್ನು ದೋಷವೆಂದು ತಿಳಿದು ಸಕ್ಕರೆ ಹಾಕಬೇಡಿ.

ಉತ್ತರ (ಉಡುಪಿಯಿಂದ)

ಮಲ್ಲಿಗೆಯ ಚಹಾದ ಬಗ್ಗೆ ಮಾತ್ರ ಹೇಳುತ್ತೇನೆ. ಚೀನಾದ ಫೂಜೌ ಸುತ್ತಮುತ್ತ ಅದನ್ನು ಮಾಡುವ ಹೂವೂ ನಮ್ಮ ಶಂಕರಪುರದ ಮಲ್ಲಿಗೆಯೂ ಒಂದೇ ಜಾತಿಯವು. ಹಗಲಲ್ಲಿ ಕೊಯ್ದ ಮೊಗ್ಗು ರಾತ್ರಿ ಬಿರಿಯುವಾಗ ಅದನ್ನು ಸಿದ್ಧವಾದ ಹಸಿರು ಚಹಾದೊಡನೆ ಬೆರೆಸಿಟ್ಟು, ಎಲೆ ಘಮವನ್ನು ಹೀರಿಕೊಂಡ ಮೇಲೆ ಹೂವನ್ನು ಜರಡಿ ಹಿಡಿದು ತೆಗೆದು, ಎಲೆಯನ್ನು ಮತ್ತೆ ಒಣಗಿಸುತ್ತಾರೆ. ಮೇಲು ದರ್ಜೆಯದಕ್ಕೆ ಹೊಸ ಹೂವಿನೊಡನೆ ಇದನ್ನು ಹಲವು ರಾತ್ರಿ ಮಾಡುತ್ತಾರೆ. ಆದ್ದರಿಂದ ಡಬ್ಬಿಯಲ್ಲಿ ಒಣ ಹೂವು ಹೆಚ್ಚು ಕಂಡರೆ ಅದು ಅಂದಕ್ಕೆ ಮಾತ್ರ, ಘಮವಿರುವುದು ಎಲೆಯಲ್ಲಿ.

ನಮ್ಮ ಅಂಗಳದ ಗಿಡಕ್ಕೆ ಔಷಧಿ ಸಿಂಪಡಿಸುವುದಿಲ್ಲವಾದ್ದರಿಂದ ನಾನೇ ಒಮ್ಮೆ ನೀಲಗಿರಿಯ ಹಸಿರು ಚಹಾದೊಡನೆ ಪ್ರಯತ್ನಿಸಿದೆ. ಬೆಳಿಗ್ಗೆ ಎಲೆಯನ್ನು ಮುಟ್ಟಿದರೆ ಹೂವಿನ ತೇವಕ್ಕೆ ಮೆತ್ತಗಾಗಿತ್ತು. ಅದನ್ನು ದಪ್ಪ ತಳದ ಬಾಣಲೆಯಲ್ಲಿ ತೀರಾ ಸಣ್ಣ ಉರಿಯ ಮೇಲೆ ಗರಿಗರಿಯಾಗುವವರೆಗೆ ಒಣಗಿಸಿದೆ. ಹಾಗೆ ಮಾಡದಿದ್ದರೆ ಬೂಸಲು ಹಿಡಿಯುತ್ತದೆ. ಅಂಗಡಿಯದರಷ್ಟು ಗಾಢವಾಗಲಿಲ್ಲವಾದರೂ ಎರಡನೆಯ ಸಲ ಅದೇ ಎಲೆಗೆ ನೀರು ಹಾಕಿದಾಗಲೂ ಮಲ್ಲಿಗೆ ಉಳಿದಿತ್ತು. ಹೀಗೆ ಎಲೆ ಯಾವ ವಾಸನೆಯನ್ನೂ ಬೇಗ ಹೀರುವುದರಿಂದಲೇ ನಿಮ್ಮ ಡಬ್ಬಿಗಳನ್ನು ಸಾರಿನ ಪುಡಿ ಮತ್ತು ಇಂಗಿನಿಂದ ದೂರವಿಡಿ. ನಾಲ್ಕನ್ನೂ ಒಂದೇ ದೊಡ್ಡ ಡಬ್ಬಿಯಲ್ಲಿ ಇಡುವ ತಪ್ಪನ್ನಂತೂ ಮಾಡಬೇಡಿ.

ಉತ್ತರ (ಬೆಂಗಳೂರಿನಿಂದ)

ನೀರಿನ ಮಾತು ಬರಲಿಲ್ಲ. ನಮ್ಮ ಬಡಾವಣೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ಮಾಡಿದ ಡಾರ್ಜಿಲಿಂಗ್ ಮಂಕಾಗಿ, ಮೇಲೆ ಕಂದು ಬಣ್ಣದ ತೆಳುವಾದ ಕೆನೆ ಕಟ್ಟುತ್ತಿತ್ತು. ಸುಣ್ಣದಂಶ ಚಹಾದೊಡನೆ ಸೇರಿ ಹಾಗಾಗುತ್ತದೆ. ಸೋಸಿದ ಮೆದು ನೀರಿಗೆ ಬದಲಾಯಿಸಿದ ದಿನ ಅದೇ ಎಲೆ ಹೊಳೆಯುವ ಕಿತ್ತಳೆ ಬಣ್ಣ ಬಿಟ್ಟಿತು.

ಎಲೆ ಚಹಾಕ್ಕೆ ಹಾಲು ಹಾಕಲೇಬಾರದೆಂಬ ಕಟ್ಟುನಿಟ್ಟು ಬೇಡವೆಂಬುದು ನನ್ನ ಅಭಿಪ್ರಾಯ. ಹಾಲಿನ ಪ್ರೋಟೀನು ಒಗರಿನ ಅಂಶವನ್ನು ಕಟ್ಟಿಹಾಕುವುದರಿಂದ ಮಲ್ಲಿಗೆಗೂ ಡಾರ್ಜಿಲಿಂಗಿಗೂ ಅದು ಸಲ್ಲದು, ಆದರೆ ಅರ್ಲ್ ಗ್ರೇಗೆ ಒಂದು ಚಮಚ ಹಾಲು ಹಿತವಾಗಿಯೇ ಇರುತ್ತದೆ. ಮುಂದೆ ಎಂದಾದರೂ ಕೆಂಪು ಪುಂಡಿಹೂವು ಬೆರೆಸಿದ ಚಹಾ ತಂದರೆ ಅದಕ್ಕೆ ಹಾಲು ಹಾಕಬೇಡಿ. ಅದರ ಹುಳಿಗೆ ಹಾಲು ಒಡೆಯುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಹೇಳಿದ ಕ್ರಮದಲ್ಲೇ ನಾಲ್ಕನ್ನೂ ಮಾಡಿದೆವು. ನಮ್ಮ ಬಾವಿಯ ನೀರು ಮೆದುವಾದ್ದರಿಂದ ಕೆನೆ ಕಟ್ಟಲಿಲ್ಲ. ಡಾರ್ಜಿಲಿಂಗಿನಲ್ಲಿ ದ್ರಾಕ್ಷಿಯ ಘಮ ಮೊದಲ ಗುಟುಕಿಗೆ ಸಿಗಲಿಲ್ಲ, ಸ್ವಲ್ಪ ಆರಿದ ಮೇಲೆ ಸ್ಪಷ್ಟವಾಗಿ ಬಂತು. ಮಲ್ಲಿಗೆಯದು ಈ ಬಾರಿ ಕಹಿಯಾಗಲೇ ಇಲ್ಲ. ಅರ್ಲ್ ಗ್ರೇಗೆ ಹಾಲು ಹಾಕಿಯೂ ಹಾಕದೆಯೂ ನೋಡಿದೆವು. ನನಗೆ ಹಾಕದ್ದೇ ಮೇಲೆನಿಸಿತು.

ಲ್ಯಾಪ್ಸಾಂಗ್ ಯಾರಿಗೂ ಹಿಡಿಸಲಾರದೆಂದು ಅಂದುಕೊಂಡಿದ್ದೆ. ಆದರೆ ನಮ್ಮ ಅತ್ತೆಯವರು ಲೋಟವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ, “ಇದು ಅಡಿಕೆ ಬೇಯಿಸುವ ಒಲೆಯ ಹತ್ತಿರ ಕೂತ ಹಾಗಿದೆ, ಚೊಗರಿನ ಹಂಡೆಯ ವಾಸನೆಯೂ ಇದೆ” ಎಂದರು. ಎರಡನೆಯ ಲೋಟ ಕೇಳಿದವರು ಅವರೊಬ್ಬರೇ.