ಸಹಾಯ ಬೇಕು: ಕೂಸಿನ ಮನೆಯಲ್ಲಿ ಆರೈಕೆದಾರರು ಬದಲಾಗುವಾಗ ಏನು ಮಾಡುತ್ತೀರಿ?

ನಮಸ್ಕಾರ. ಪಂಚಾಯಿತಿಯ ಕೂಸಿನ ಮನೆ (ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ಹಗಲಲ್ಲಿ ನೋಡಿಕೊಳ್ಳುವ ಜಾಗ) ನಡೆಸುವವರು ದಯವಿಟ್ಟು ಓದಿ.

ಆರೈಕೆದಾರರ ಕೂಲಿ ಗ್ರಾಮೀಣ ಉದ್ಯೋಗ ಖಾತರಿಯದ್ದು. ಒಂದು ಕುಟುಂಬಕ್ಕೆ ವರ್ಷಕ್ಕೆ ಸಿಗುವ ಕೂಲಿಯ ದಿನಗಳು ಮುಗಿದರೆ ಬೇರೆಯವರು ಬರಬೇಕು. ಎರಡು ವರ್ಷ ದಾಟಿದ ಮಕ್ಕಳು ಬೇಗ ಹೊಂದಿಕೊಳ್ಳುತ್ತವೆ. ಕಷ್ಟ ಇರುವುದು 8ರಿಂದ 18 ತಿಂಗಳ ಕೂಸುಗಳದ್ದು. ಆ ವಯಸ್ಸಿಗೆ ಮುಖದ ಗುರುತು ಗಟ್ಟಿಯಾಗಿ, ಹೊಸಬರನ್ನು ಕಂಡರೆ ಹೆದರುತ್ತವೆ. ಊಟ ಬಿಡುತ್ತವೆ, ನಿದ್ದೆ ಕೆಡುತ್ತದೆ, ಮನೆಗೆ ಹೋದರೂ ಅಮ್ಮನ ಸೆರಗು ಬಿಡುವುದಿಲ್ಲ. ಕೊನೆಗೆ ಅಮ್ಮ ಕೂಲಿಗೆ ಹೋಗುವುದನ್ನೇ ನಿಲ್ಲಿಸುತ್ತಾಳೆ. ಇದು ಹಟವಲ್ಲ, ದಯವಿಟ್ಟು ಯಾರೂ ಗದರಬೇಡಿ.

ಈಗ ಹಾಕಿಕೊಂಡಿರುವ ಕ್ರಮ ಇದು: ಹೊಸಬರು 10 ದಿನ ಮೊದಲೇ ಬರುತ್ತಾರೆ. ಮೊದಲ 3 ದಿನ ಕೂಸನ್ನು ಎತ್ತಿಕೊಳ್ಳದೆ ಪಕ್ಕದಲ್ಲಿ ಕೂತು ಆಟ ಮಾತ್ರ. ಆಮೇಲೆ ರಾಗಿ ಸರಿ ತಿನ್ನಿಸುವುದು, ಬಟ್ಟೆ ಬದಲಿಸುವುದು. ಮಲಗಿಸುವುದು ಕಟ್ಟಕಡೆಗೆ, ಏಕೆಂದರೆ ನಿದ್ದೆಗಣ್ಣಲ್ಲಿ ಕೂಸು ಹಳೆಯ ಕೈಯನ್ನೇ ಹುಡುಕುತ್ತದೆ. ಒಬ್ಬೊಬ್ಬರಿಗೂ ಇಂತಿಂಥ ಮೂರ್ನಾಲ್ಕು ಕೂಸುಗಳೆಂದು ಗೊತ್ತು ಮಾಡಬೇಕು. ಎಲ್ಲರೂ ಎಲ್ಲವನ್ನೂ ನೋಡಿಕೊಂಡರೆ ಕೂಸಿಗೆ ತನ್ನವರೆಂದು ಯಾರೂ ಇರುವುದಿಲ್ಲ. ಪ್ರತಿ ಕೂಸಿಗೂ ವಹಿಯಲ್ಲಿ ಒಂದು ಪುಟ: ಮಲಗುವ ಹೊತ್ತು, ಯಾವ ಜೋಗುಳ, ನೀರು ಬೇಕಾದರೆ ಏನನ್ನುತ್ತದೆ.

ನಿಮ್ಮಿಂದ ಬೇಕಾದ ಮಾಹಿತಿ: ಆ 10 ದಿನ ಹಳಬರು, ಹೊಸಬರು ಇಬ್ಬರ ಹೆಸರನ್ನೂ ಕೂಲಿಯ ಹಾಜರಿ ಪಟ್ಟಿಯಾದ ಎನ್‌ಎಂಆರ್‌ನಲ್ಲಿ ಹೇಗೆ ಸೇರಿಸುತ್ತೀರಿ? ಎಲ್ಲರ ಸರದಿ ಒಂದೇ ವಾರ ಮುಗಿಯದಂತೆ ಹಿಂದೆಮುಂದೆ ಹಾಕಿಕೊಂಡವರಿದ್ದರೆ ಆ ಪಟ್ಟಿಯ ಫೋಟೋ ಹಾಕಿ, ಮಕ್ಕಳ ಹೆಸರು ಮರೆಮಾಡಿ.