ಪದಚರ್ಚೆ: ಮೂತ್ರದಲ್ಲಿ ಪ್ರೋಟೀನ್ ‘ಹೋಗುತ್ತಿದೆ’ ಅನ್ನಬೇಕೋ, ಮೂತ್ರಕ್ಕೆ ‘ಜಿನುಗುತ್ತಿದೆ’ ಅನ್ನಬೇಕೋ?

ಬಳಗದ ಎಲ್ಲರಿಗೂ ನಮಸ್ಕಾರ.

ಸಕ್ಕರೆ ಕಾಯಿಲೆ ಇರುವವರಿಗಾಗಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಹೇಳಬೇಕಾದ್ದು ಇಷ್ಟೇ: ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಎಷ್ಟಿದೆ ಎಂದು ವರ್ಷಕ್ಕೊಮ್ಮೆ ನೋಡಿಸಿಕೊಂಡರೆ ಕಿಡ್ನಿ ಕೆಡಲು ಶುರುವಾದದ್ದು ಬಹಳ ಮೊದಲೇ ತಿಳಿಯುತ್ತದೆ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಏರುವ ಹೊತ್ತಿಗೆ ಕಿಡ್ನಿಯ ಶಕ್ತಿ ಅರ್ಧದಷ್ಟು ಕುಂದಿರಬಹುದು. ಆಲ್ಬುಮಿನ್ ಅದಕ್ಕೂ ಎಷ್ಟೋ ವರ್ಷ ಮುಂಚೆ ಕಾಣಿಸಿಕೊಳ್ಳಬಲ್ಲದು. ಆಗ ಆ ಮನುಷ್ಯನಿಗೆ ನೋವಿಲ್ಲ, ಊತವಿಲ್ಲ, ಊಟ ನಿದ್ದೆ ಎಲ್ಲ ಸರಿಯಾಗಿದೆ. ಅಂಥವರನ್ನು ಲ್ಯಾಬಿಗೆ ಕಳಿಸಬೇಕಾದ ಬರಹವಿದು. ಹಾಗಾಗಿ ಪದಗಳ ಬಗ್ಗೆ ನಿಮ್ಮನ್ನು ಕೇಳದೆ ಮುಂದುವರಿಯಲು ಮನಸ್ಸಿಲ್ಲ.

ನಾಮಪದಗಳ ವಿಚಾರ ಬೇಗ ಮುಗಿಸುತ್ತೇನೆ. ಪ್ರೋಟೀನಿಗೆ ಪಠ್ಯಪುಸ್ತಕದಲ್ಲಿ ‘ಸಸಾರಜನಕ’ ಇದೆ, ಆದರೆ ಆಸ್ಪತ್ರೆಯಲ್ಲಿ ಅದನ್ನು ಆಡುವವರಿಲ್ಲ. ಆಲ್ಬುಮಿನ್ ಎಂಬ ಹೆಸರು ಹುಟ್ಟಿದ್ದು ಮೊಟ್ಟೆಯ ಬಿಳಿಭಾಗಕ್ಕಿರುವ ಲ್ಯಾಟಿನ್ ಪದದಿಂದ. ಹಾಗೆಂದು ‘ಲೋಳೆ’ ಅಂದರೆ ಮೂತ್ರನಾಳದ ಸೋಂಕಿನಲ್ಲಿ ಕಾಣುವ ಲೋಳೆಯೇ ನೆನಪಿಗೆ ಬರುತ್ತದೆ. ಮಧುಮೇಹದ ದಾರಿಯಲ್ಲಿ ‘ಆಲ್ಬುಮಿನ್‌ಮೇಹ’ ಎಂದು ಕಟ್ಟಬಹುದೆಂದು ಒಬ್ಬ ಸ್ನೇಹಿತರು ಸೂಚಿಸಿದರು. ಆಯುರ್ವೇದದಲ್ಲಿ ಪ್ರಮೇಹ 20 ಬಗೆ. ಪಿಷ್ಟಮೇಹ, ಸಾಂದ್ರಮೇಹ ಮುಂತಾದ ಹೆಸರುಗಳೆಲ್ಲ ಮೂತ್ರ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದರ ಮೇಲೆ ನಿಂತಿವೆ. ಕಟ್ಟುವ ಕ್ರಮ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಇವತ್ತು ಬರೀ ‘ಮೇಹ’, ‘ಪ್ರಮೇಹ’ ಅಂದರೆ ಬಹಳ ಜನಕ್ಕೆ ಹೊಳೆಯುವುದು ಗುಪ್ತರೋಗ. ಅರವತ್ತು ದಾಟಿದ ಹೆಣ್ಣುಮಗಳ ಕೈಗೆ ಆ ಪದವಿರುವ ಹಾಳೆ ಕೊಡಲು ನಾನು ತಯಾರಿಲ್ಲ. ಆಲ್ಬುಮಿನ್ ಆಲ್ಬುಮಿನ್ ಆಗಿಯೇ ಇರಲಿ. ಗರ್ಭಿಣಿಯರ ತಪಾಸಣೆಯಿಂದಾಗಿ ಹಳ್ಳಿಯ ಮನೆಗಳಿಗೂ ಆ ಹೆಸರು ಮುಟ್ಟಿದೆ. ಬಿ.ಪಿ. ಜೊತೆಗೆ ಆಲ್ಬುಮಿನ್ ನೋಡುವುದು ಗರ್ಭಿಣಿಯರಿಗೆ 20 ವಾರದ ನಂತರ ಬರಬಹುದಾದ ಅಪಾಯವನ್ನು ಹಿಡಿಯಲಿಕ್ಕೆ ಎಂದು ಆಶಾ ಕಾರ್ಯಕರ್ತೆಯರು ಚೆನ್ನಾಗಿ ಬಲ್ಲರು.

ನನ್ನ ನಿಜವಾದ ತೊಡಕು ಕ್ರಿಯಾಪದದ್ದು.

ಎಲ್ಲರೂ ಆಡುವುದು ‘ಯೂರಿನಲ್ಲಿ ಪ್ರೋಟೀನ್ ಹೋಗ್ತಾ ಇದೆ’ ಎಂದು. ಸಹಜವಾದ ಕನ್ನಡ, ತಪ್ಪೇನಿಲ್ಲ. ಆದರೆ ನಮ್ಮಲ್ಲಿ ಮೈಯಿಂದ ಏನಾದರೂ ‘ಹೋಗುತ್ತಿದೆ’ ಅಂದಕೂಡಲೇ ಶಕ್ತಿ ಹೋಗುತ್ತಿದೆ ಎಂದೇ ಅರ್ಥ. ರಕ್ತ ಹೋಗುತ್ತದೆ, ಬಿಳಿ ಹೋಗುತ್ತದೆ, ಧಾತು ಹೋಗುತ್ತದೆ. ಹೋದದ್ದನ್ನು ತುಂಬಿಕೊಳ್ಳಬೇಕು ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ರಿಪೋರ್ಟ್ ಕೈಗೆ ಬಂದ ಸಂಜೆಯಿಂದಲೇ ದಿನಕ್ಕೆ ಎರಡು ಮೊಟ್ಟೆ, ದಪ್ಪನೆಯ ತೊವ್ವೆ, ಹಾಲಿಗೆ ಪ್ರೋಟೀನ್ ಪುಡಿ ಶುರುಮಾಡಿದವರನ್ನು ನಾನೇ ಬಲ್ಲೆ. ಕಿಡ್ನಿ ಸೋಲುತ್ತಿರುವವರಿಗೆ ಬೇಕಾದ್ದು ಇದಲ್ಲ. ಈ ಮೊದಲ ಹಂತದಲ್ಲಿ ದಿನಕ್ಕೆ ಹೊರಬೀಳುವ ಆಲ್ಬುಮಿನ್ 30ರಿಂದ 300 ಮಿಲಿಗ್ರಾಂ. ನಮ್ಮ ಲಿವರ್ ದಿನಾ ತಯಾರಿಸುವುದು 10–15 ಗ್ರಾಂ. ಅಂದರೆ ನಷ್ಟ ಅನ್ನುವಂಥದ್ದು ಏನೂ ಆಗಿಲ್ಲ. ಸೋಸುವ ಪೊರೆಯಲ್ಲಿ ಬಿರುಕು ಶುರುವಾಗಿದೆ ಎಂಬ ಸುಳಿವು ಮಾತ್ರ ಸಿಕ್ಕಿದೆ. ಕ್ರಿಯಾಪದ ಆ ಪೊರೆಯ ಕಡೆ ಬೆರಳು ತೋರಬೇಕು, ‘ಹೋಗು’ ಊಟದ ತಟ್ಟೆಯ ಕಡೆ ತೋರುತ್ತದೆ.

ಹಾಗಾದರೆ ‘ಸೋರು’? ಪತ್ರಿಕೆಗಳಲ್ಲಿ ಇದು ಕಾಣುತ್ತದೆ, ದೋಷ ಇರುವುದು ಸೋರುವ ಜಾಗದಲ್ಲಿ ಎಂದೂ ಹೇಳುತ್ತದೆ. ಇಲ್ಲಿ ಇನ್ನೊಂದು ಕಷ್ಟ. ‘ಮೂತ್ರ ಸೋರುವುದು’ ಅಂದರೆ ಕೆಮ್ಮಿದರೆ, ನಕ್ಕರೆ ತಡೆಯಲಾಗದೆ ಬರುವ ಮೂತ್ರ. ‘ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆ’ ಎಂದರೆ ನಡುವಿನ ಪ್ರೋಟೀನ್ ಕಿವಿಗೆ ಬೀಳದೆ ‘ನನಗೆ ಹಾಗೇನೂ ಸೋರುವುದಿಲ್ಲವಲ್ಲ’ ಅನ್ನುವವರಿದ್ದಾರೆ. ವಿಭಕ್ತಿ ಬದಲಿಸಿದರೆ ಅರ್ಧ ತೊಂದರೆ ತೀರುತ್ತದೆ ಎಂದು ನನಗೆ ತೋರುತ್ತದೆ. ‘ಮೂತ್ರದಲ್ಲಿ’ ಬೇಡ, ‘ಕಿಡ್ನಿಯಿಂದ ಮೂತ್ರಕ್ಕೆ’ ಎಂದಿರಲಿ. ಎಲ್ಲಿಂದ, ಎಲ್ಲಿಗೆ ಎಂಬುದು ಆಗ ಸ್ಪಷ್ಟ.

ಇಷ್ಟರ ಮೇಲೆ ನನ್ನ ಒಲವು ‘ಜಿನುಗು’ ಕಡೆಗೆ. ಒಸರು, ಜಿನುಗು, ತೊಟ್ಟಿಕ್ಕು, ಸೋರು, ಸುರಿ: ಎಷ್ಟು ಹೊರಬರುತ್ತಿದೆ ಎನ್ನುವುದಕ್ಕೆ ಕನ್ನಡದಲ್ಲಿ ಮೆಟ್ಟಿಲುಮೆಟ್ಟಿಲಾಗಿ ಪದಗಳಿವೆ. ಪರೀಕ್ಷೆಯ ಅಳತೆಯೂ ಹಾಗೆಯೇ ಇದೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಆಲ್ಬುಮಿನ್ 30 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 30ರಿಂದ 300ರವರೆಗೆ ‘ಜಿನುಗುತ್ತಿದೆ’, 300 ಮೀರಿದರೆ ‘ಸೋರುತ್ತಿದೆ’ ಎಂದು ಬರೆದರೆ ಹೇಗೆ? (ಈ ಕ್ರಿಯಾಟಿನಿನ್ ಮೂತ್ರದ್ದು. ಮೂತ್ರ ತೆಳುವಾಗಿದೆಯೋ ಗಟ್ಟಿಯಾಗಿದೆಯೋ ಎಂಬುದಕ್ಕೆ ಅದು ಅಳತೆಗೋಲು ಅಷ್ಟೆ. ರಕ್ತದ ಕ್ರಿಯಾಟಿನಿನ್ ಹೆಸರು ಕೇಳಿಯೇ ಹೆದರಿರುವವರಿಗೆ ಇದನ್ನು ಬಿಡಿಸಿ ಹೇಳಲೇಬೇಕು.)

ಈ ನಡುವಿನ ಹಂತಕ್ಕೆ ಲ್ಯಾಬಿನವರು ಈಗಲೂ ‘ಮೈಕ್ರೋಆಲ್ಬುಮಿನ್’ ಎಂದೇ ಅಚ್ಚುಹಾಕುತ್ತಾರೆ. 1982ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ವಿಬರ್ಟಿ, ಕೀನ್ ಮತ್ತು ಸಂಗಡಿಗರು, ಇಷ್ಟು ಸಣ್ಣ ಪ್ರಮಾಣದ ಆಲ್ಬುಮಿನ್ ಕೂಡ ಮುಂದೆ ಬರುವ ಕಿಡ್ನಿ ರೋಗದ ಮುನ್ಸೂಚನೆ ಎಂದು ತೋರಿಸಿದ ಮೇಲೆ ಆ ಹೆಸರು ಹಬ್ಬಿತು. ಅದೇ ಆಸ್ಪತ್ರೆಯಲ್ಲಿ 1827ರ ಹೊತ್ತಿಗೆ ರಿಚರ್ಡ್ ಬ್ರೈಟ್ ಚಮಚದಲ್ಲಿ ಮೂತ್ರ ಹಾಕಿ ಮೇಣದಬತ್ತಿಯ ಉರಿಗೆ ಹಿಡಿದು, ಅದು ಬೆಳ್ಳಗೆ ಗರಣೆಗಟ್ಟುವುದನ್ನು ಕಿಡ್ನಿ ರೋಗದ ಗುರುತಾಗಿ ಓದುತ್ತಿದ್ದ. ಗರಣೆಗಟ್ಟುವಷ್ಟು ಆಲ್ಬುಮಿನ್ ಎಲ್ಲಿ, 30 ಮಿಲಿಗ್ರಾಂ ಎಲ್ಲಿ! ಆದರೆ ‘ಮೈಕ್ರೋ’ ಅಂದರೆ ಆಲ್ಬುಮಿನ್‌ನ ಕಣವೇ ಚಿಕ್ಕದು ಎಂದು ಕೆಲವರು, ಲೆಕ್ಕಕ್ಕಿಲ್ಲದ್ದು ಎಂದು ಹಲವರು ತಿಳಿದರು. 2012ರಲ್ಲಿ ಕೆಡಿಐಜಿಒ ಎಂಬ ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿ ಆ ಪದವನ್ನೇ ಬಿಡಬೇಕೆಂದಿತು, ಈಗ ಮೇಲೆ ಹೇಳಿದ ಮೂರು ಹಂತಗಳಿಗೆ ಎ1, ಎ2, ಎ3 ಎಂದು ಮೂರು ದರ್ಜೆ. ಅಲ್ಲೇ ಬಿಟ್ಟ ಪದವನ್ನು ನಾವು ‘ಸೂಕ್ಷ್ಮ ಆಲ್ಬುಮಿನ್’ ಎಂದು ತರುವುದು ಸರಿಯಲ್ಲ. ಅದೂ ಅಲ್ಲದೆ ಕನ್ನಡದಲ್ಲಿ ‘ಪರಿಸ್ಥಿತಿ ಸೂಕ್ಷ್ಮವಾಗಿದೆ’ ಅಂದರೆ ಗಂಡಾಂತರ. ‘ಅಲ್ಪ’ ಅಂದರೆ ಅಸಡ್ಡೆ. ಒಂದು ಬೆದರಿಸುತ್ತದೆ, ಇನ್ನೊಂದು ಮಲಗಿಸುತ್ತದೆ.

‘ನೊರೆ’ ಬಗ್ಗೆಯೂ ಒಂದು ಮಾತು. ‘ಮೂತ್ರದಲ್ಲಿ ನೊರೆ ಬಂದರೆ ಪರೀಕ್ಷೆ ಮಾಡಿಸಿ’ ಎಂದು ಕನ್ನಡ ಬರಹಗಳಲ್ಲಿ ಮತ್ತೆಮತ್ತೆ ಓದುತ್ತೇವೆ. ಮೂತ್ರದ ಮೇಲಿನ ಗುಳ್ಳೆಯನ್ನು ಹಿಪ್ಪೊಕ್ರೇಟಸನ ಕಾಲದಲ್ಲೇ ಗಮನಿಸಿದ್ದರು, ಗುರುತು ಸುಳ್ಳಲ್ಲ. ಆದರೆ ನೊರೆ ನಿಲ್ಲುವಷ್ಟು ಪ್ರೋಟೀನ್ ಬರುವ ಹೊತ್ತಿಗೆ ‘ಮೊದಲೇ’ ಎಂಬ ಮಾತು ಮುಗಿದಿರುತ್ತದೆ. ಮೂತ್ರದಲ್ಲಿ ಅದ್ದಿದಾಗ ಪ್ರೋಟೀನ್ ಇದ್ದರೆ ಹಳದಿಯಿಂದ ಹಸಿರಿಗೆ ತಿರುಗುವ ಕಡ್ಡಿಪಟ್ಟಿಯೂ ಜಿನುಗುವ ಹಂತವನ್ನು ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಪಟ್ಟಿ ಹಳದಿಯಾಗಿಯೇ ಉಳಿದು, ರಿಪೋರ್ಟಿನಲ್ಲಿ ‘ನಿಲ್’ ಎಂದು ಬಂದು, ಆಲ್ಬುಮಿನ್ ಮಾತ್ರ ನೂರರ ಹತ್ತಿರ ಇರಬಹುದು. ಹಾಗಾಗಿ ‘ನೊರೆ ಬಂದರೆ’ ಎಂಬ ಷರತ್ತನ್ನೇ ತೆಗೆದು, ‘ನೊರೆ ಇರಲಿ ಬಿಡಲಿ, ಎರಡನೇ ಬಗೆಯ ಸಕ್ಕರೆ ಕಾಯಿಲೆ ಗೊತ್ತಾದ ದಿನದಿಂದ ವರ್ಷಕ್ಕೊಮ್ಮೆ’ ಎಂದು ಬರೆದಿದ್ದೇನೆ. ಜ್ವರ, ಸೋಂಕು, ಮುಟ್ಟು, ಹಿಂದಿನ ದಿನದ ಭಾರೀ ವ್ಯಾಯಾಮ ಇವುಗಳಿಂದಲೂ ಅಂಕಿ ಏರುವುದುಂಟು. ಆದ್ದರಿಂದ ಮೂರು ಸಲದಲ್ಲಿ ಎರಡು ಸಲವಾದರೂ ಹೆಚ್ಚು ಬಂದರೆ ಮಾತ್ರ ಲೆಕ್ಕಕ್ಕೆ. ಇದನ್ನು ‘ರೋಗ ಪತ್ತೆ’ ಅನ್ನದೆ ‘ಸುಳಿವು’ ಅಂದದ್ದು ಅದಕ್ಕೇ.

ಈಗ ನಿಮ್ಮಿಂದ ಬೇಕಾದ್ದು. ಧಾರವಾಡ, ಕಲಬುರಗಿ ಕಡೆಯವರೇ, ‘ಜಿನುಗು’ ನಿಮ್ಮಲ್ಲಿ ಹನಿಮಳೆಗೆ ಮಾತ್ರವೋ, ಗೋಡೆಯಲ್ಲಿ ನೀರು ಬರುವುದಕ್ಕೂ ಸಲ್ಲುತ್ತದೆಯೋ? ಕುಂದಾಪುರ, ಮಲೆನಾಡಿನವರಿಗೆ ‘ಒಸರು’ ಇದಕ್ಕಿಂತ ಹತ್ತಿರವೇ?

ಮತ್ತೊಂದು ಚಿಕ್ಕ ಪ್ರಶ್ನೆ, ಇದು ತುರ್ತಿನದು. ಲ್ಯಾಬಿನಲ್ಲಿ ‘ಬೆಳಗಿನ ಮೊದಲ ಮೂತ್ರ ಹಿಡಿದುಕೊಂಡು ಬನ್ನಿ’ ಅನ್ನುತ್ತಾರೆ. ಡಬ್ಬಿಯಲ್ಲಿ ಹಿಡಿದು ತನ್ನಿ ಎಂಬ ಅರ್ಥದಲ್ಲಿ. ಸ್ಕ್ಯಾನಿಂಗಿನವರೂ ಹೊಟ್ಟೆ ತುಂಬ ನೀರು ಕುಡಿಸಿ ‘ಹಿಡಿದುಕೊಂಡಿರಿ’ ಅನ್ನುತ್ತಾರೆ. ಅಲ್ಲಿ ಅದರ ಅರ್ಥ ತಡೆದುಕೊಳ್ಳಿ ಎಂದು. ಎದ್ದಾಗಿನಿಂದ ತಡೆದುಕೊಂಡೇ ಬಸ್ಸು ಹತ್ತಿ ಬಂದ ಅಜ್ಜಿಯರಿದ್ದಾರೆ. ‘ಎದ್ದಕೂಡಲೇ ಮೊದಲು ಸ್ವಲ್ಪ ಬಿಟ್ಟು, ಆಮೇಲಿನದನ್ನು ಡಬ್ಬಿಗೆ ಹಿಡಿದು ತನ್ನಿ’ ಎಂದು ಸದ್ಯಕ್ಕೆ ಬರೆದಿದ್ದೇನೆ. ಇದಕ್ಕಿಂತ ಚಿಕ್ಕದಾಗಿ, ಎರಡರ್ಥ ಬಾರದಂತೆ ನಿಮ್ಮೂರಿನ ನರ್ಸಮ್ಮಂದಿರು ಹೇಗೆ ಹೇಳುತ್ತಾರೆ? ಅವರು ಆಡುವ ಮಾತನ್ನು ಆಡಿದ ಹಾಗೆಯೇ ಬರೆದು ಕಳಿಸಿ.