ಉಪ್ಪಿಗಿಲ್ಲದ ವಾಸನೆ ಬಂಗುಡೆಗೆ ಎಲ್ಲಿಂದ ಬಂತು

ಮಗಳೇ, ಬಂಗುಡೆ ಶುಚಿ ಮಾಡಿದ ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದರೂ ವಾಸನೆ ಬಿಡುವುದಿಲ್ಲ, ಅದೇ ಮೀನಿಗೆ ಹಚ್ಚಿದ ಉಪ್ಪಿಗೆ ವಾಸನೆಯೇ ಇಲ್ಲ, ಎರಡೂ ರಾಸಾಯನಿಕ ವಸ್ತುಗಳೇ ತಾನೆ ಎಂದು ನೀನು ಬೆಳಿಗ್ಗೆ ಮನೆಯವರ ಮೆಸೇಜ್ ಗುಂಪಿನಲ್ಲಿ ಕೇಳಿದ್ದೆ. ತೀಕ್ಷ್ಣವಾದ ವಸ್ತುವಿಗೆ ವಾಸನೆ ಇರುತ್ತದೆ, ಸಾಧುವಾದದ್ದಕ್ಕೆ ಇರುವುದಿಲ್ಲ ಎಂದು ಅಕ್ಕ, ಅಂದರೆ ನಿನ್ನ ದೊಡ್ಡಮ್ಮ, ಅದಕ್ಕೆ ಉತ್ತರವನ್ನೂ ಕೊಟ್ಟಾಗಿದೆ. ಆಗ ನಾನು ಉಡುಪಿಯ ಬಸ್ಸಿನಲ್ಲಿದ್ದೆ, ಮಾತನಾಡಲಾಗಲಿಲ್ಲ. ಈಗ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಅಕ್ಕನ ಮಾತನ್ನು ಒಪ್ಪುವುದು ಕಷ್ಟ. ಬ್ಯಾಟರಿಗೆ ಹಾಕುವ ಗಂಧಕಾಮ್ಲ ಚರ್ಮವನ್ನೇ ಸುಡುತ್ತದೆ, ಆದರೆ ಶುದ್ಧವಾಗಿದ್ದರೆ ಅದಕ್ಕೆ ವಾಸನೆಯಿಲ್ಲ. ಅದು ಕುದಿಯಬೇಕಾದರೆ ಉಷ್ಣತೆ 300 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಬಚ್ಚಲು ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲದ ಮುಚ್ಚಳ ತೆಗೆದ ಕೂಡಲೇ ಮೂಗು ಉರಿಯುತ್ತದೆ, ಏಕೆಂದರೆ ಅದು ನೀರಿನಲ್ಲಿ ಕರಗಿಸಿಟ್ಟ ಅನಿಲ, ದಾರಿ ಸಿಕ್ಕಿದರೆ ಹೊರಗೆ ಬರುತ್ತದೆ. ಹಾಗಾಗಿ ಮೊದಲು ಕೇಳಬೇಕಾದದ್ದು ವಸ್ತು ಎಷ್ಟು ತೀಕ್ಷ್ಣ ಎಂದಲ್ಲ, ಅದರ ಅಣುಗಳು ಗಾಳಿಗೆ ಎದ್ದು ಮೂಗಿನವರೆಗೆ ಬರಬಲ್ಲವೇ ಎಂದು. ಉಪ್ಪಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು, ಅಂದರೆ ವಿದ್ಯುದಂಶವಿರುವ ಕಣಗಳು, ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದುಕೊಂಡಿವೆ ಎಂದರೆ, ಆವಿಯಾಗುವುದು ಹಾಗಿರಲಿ, ಕರಗಿ ದ್ರವವಾಗುವುದಕ್ಕೇ 801 ಡಿಗ್ರಿ ಬೇಕು. ಮಲ್ಪೆಯ ಕಡಲ ಬದಿಗೆ ಹೋದಾಗ ಉಪ್ಪಿನ ವಾಸನೆ ಬರುತ್ತದೆ ಎಂದು ನಾವೆಲ್ಲ ಹೇಳುತ್ತೇವಲ್ಲ, ಅದು ಉಪ್ಪಿನದಲ್ಲ. ಕಡಲಿನ ಪಾಚಿ ಮತ್ತು ಸೂಕ್ಷ್ಮಜೀವಿಗಳಿಂದ ಹುಟ್ಟುವ ಡೈಮೀಥೈಲ್ ಸಲ್ಫೈಡ್‌ನಂತಹ ವಸ್ತುಗಳದ್ದು. ಸಕ್ಕರೆಯೂ ಹಾರುವುದಿಲ್ಲ. ಪಾಕ ಸೀದಾಗ ಬರುವ ಪರಿಮಳ ಸಕ್ಕರೆ ಒಡೆದು ಹುಟ್ಟಿದ ಸಣ್ಣ ಅಣುಗಳದ್ದು.

ಈಗ ಬಂಗುಡೆಯ ವಿಷಯ. ಜೀವಂತ ಕಡಲ ಮೀನಿನ ಮೈಯಲ್ಲಿ ಟ್ರೈಮೀಥೈಲಮೈನ್ ಆಕ್ಸೈಡ್ ಎಂಬ ವಸ್ತುವಿರುತ್ತದೆ, ಅದಕ್ಕೆ ವಾಸನೆಯಿಲ್ಲ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದರಿಂದ ಒಂದು ಆಮ್ಲಜನಕದ ಪರಮಾಣುವನ್ನು ಕಿತ್ತುಕೊಳ್ಳುತ್ತವೆ, ಉಳಿಯುವುದು ಟ್ರೈಮೀಥೈಲಮೈನ್. ಇದು ಸುಮಾರು 3 ಡಿಗ್ರಿಯಲ್ಲೇ ಕುದಿಯುವ ವಸ್ತುವಾದ್ದರಿಂದ ನಮ್ಮ ಊರಿನ ಸೆಕೆಗೆ ನೆಟ್ಟಗೆ ಮೂಗಿಗೇ ಬರುತ್ತದೆ. ಬೆಳಿಗ್ಗೆ ಬಂದರಿನಿಂದ ತಂದ ಮೀನಿಗೂ ಮಧ್ಯಾಹ್ನದವರೆಗೆ ಬುಟ್ಟಿಯಲ್ಲಿ ಉಳಿದ ಮೀನಿಗೂ ಇರುವ ವ್ಯತ್ಯಾಸ ಇದೇ. ನಿನ್ನ ಸೋಪು ಸೋತದ್ದೂ ಆಶ್ಚರ್ಯವಲ್ಲ. ಟ್ರೈಮೀಥೈಲಮೈನ್‌ನಂತಹ ಅಮೈನ್ ಒಂದು ಕ್ಷಾರ, ಸೋಪು ಕೂಡ ಕ್ಷಾರ, ಒಂದು ಇನ್ನೊಂದನ್ನು ಕಟ್ಟಿಹಾಕುವುದಿಲ್ಲ. ನನ್ನ ಅಮ್ಮ ಮೀನು ಕೊಯ್ದ ಮೇಲೆ ಹಿತ್ತಲಿನ ಬಿಂಬುಳಿ ಎಂಬ ಹುಳಿಕಾಯಿಯನ್ನು ಕಿವುಚಿ ಬೆರಳ ಸಂದುಗಳಿಗೆ, ಉಗುರಿನ ಬುಡಕ್ಕೆ ಉಜ್ಜಿಕೊಳ್ಳುತ್ತಿದ್ದುದು ನಿನಗೆ ನೆನಪಿರಲಿಕ್ಕಿಲ್ಲ. ಹುಳಿಯ ಆಮ್ಲ ಆ ಅಮೈನನ್ನು ಲವಣವನ್ನಾಗಿ ಮಾಡುತ್ತದೆ, ಲವಣಕ್ಕೆ ಹಾರಲು ಬರುವುದಿಲ್ಲ. ಅಂದರೆ ವಾಸನೆಯ ವಸ್ತು ಆಗ ಕೈಯಲ್ಲಿಯೇ ಇದ್ದರೂ ಉಪ್ಪಿನ ಜಾತಿಗೆ ಸೇರಿಬಿಟ್ಟಿರುತ್ತದೆ. ನಿಂಬೆ, ಹುಣಸೆ ಯಾವುದಾದರೂ ಆದೀತು.

ಆದರೆ ಹಾರಿದ್ದೆಲ್ಲ ವಾಸನೆ ಬೀರುವುದೂ ಇಲ್ಲ. ನಾವು ಎಳೆದುಕೊಳ್ಳುವ ಸಾರಜನಕ, ಆಮ್ಲಜನಕಗಳು ಮೂಗಿನ ತುಂಬ ಇದ್ದರೂ ಅವುಗಳನ್ನು ಗುರುತಿಸುವ ವ್ಯವಸ್ಥೆ ಅಲ್ಲಿಲ್ಲ. ಮೂಗಿನ ಮೇಲ್ಭಾಗದ ಒಳಪೊರೆಯಲ್ಲಿ ವಾಸನೆಯ ಅಣುಗಳನ್ನು ಹಿಡಿದು ಗುರುತಿಸುವ ಸುಮಾರು 400 ಬಗೆಯ ಗ್ರಾಹಕಗಳಿವೆ; ಇಂತಹ ಗ್ರಾಹಕಗಳ ವಂಶವಾಹಿಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಪ್ರಕಟಿಸಿದರು, 2004ರಲ್ಲಿ ಅವರಿಗೆ ನೊಬೆಲ್ ಬಂತು. ಒಂದು ಅಣು ಹಲವು ಗ್ರಾಹಕಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ತಟ್ಟುತ್ತದೆ, ಆ ತಟ್ಟುವಿಕೆಯ ಒಟ್ಟು ವಿನ್ಯಾಸವನ್ನು ಮಿದುಳು ಇದು ಮಲ್ಲಿಗೆ, ಇದು ಇಂಗು ಎಂದು ಓದಿಕೊಳ್ಳುತ್ತದೆ. ಪ್ರಮಾಣ ಬದಲಾದರೆ ಓದುವುದೂ ಬದಲಾಗುತ್ತದೆ: ನೀನು ಮುಡಿಯುವ ಒಂದು ಚೆಂಡು ಮಲ್ಲಿಗೆಯ ಪರಿಮಳದಲ್ಲಿ ಇಂಡೋಲ್ ಇದೆ, ಅದೇ ಇಂಡೋಲ್ ಹೆಚ್ಚಾಗಿದ್ದರೆ ಮಲದ ನಾತ. ಮಲ್ಲಿಗೆಯನ್ನು ಇನ್ನು ಮುಡಿಯುವುದಿಲ್ಲ ಎಂದು ಮಾತ್ರ ಹೇಳಬೇಡ.

ಅಡುಗೆ ಗ್ಯಾಸ್ ತೀಕ್ಷ್ಣವಾದ್ದರಿಂದಲೇ ಅದಕ್ಕೆ ವಾಸನೆ ಎಂದೂ ಅಕ್ಕ ಹೇಳಿದ್ದಾಳೆ. ಸಿಲಿಂಡರಿನಲ್ಲಿರುವ ಪ್ರೊಪೇನ್, ಬ್ಯುಟೇನ್‌ಗಳಿಗೆ ತಮ್ಮದೆನ್ನುವಂತಹ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತವನ್ನು ಬೇಕೆಂದೇ ಬೆರೆಸುತ್ತಾರೆ, ಅದನ್ನು ನಮ್ಮ ಮೂಗು ಅತ್ಯಲ್ಪ ಪ್ರಮಾಣದಲ್ಲಿಯೂ ಹಿಡಿಯುತ್ತದೆ. 1937ರಲ್ಲಿ ಅಮೆರಿಕದ ಟೆಕ್ಸಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಯಾರಿಗೂ ತಿಳಿಯದಂತೆ ಸೋರಿ ಸ್ಫೋಟಗೊಂಡು ಸುಮಾರು 300 ಮಂದಿ, ಹೆಚ್ಚಿನವರು ಮಕ್ಕಳೇ, ಸತ್ತರು. ಅಲ್ಲಿ ಅನಿಲಕ್ಕೆ ವಾಸನೆ ಬೆರೆಸುವುದನ್ನು ಕಡ್ಡಾಯ ಮಾಡಿದ್ದು ಆ ಮೇಲೆ. ಅನಿಲ ಸಾಧುವಾಗಿತ್ತು ಎಂದು ಅಕ್ಕನೂ ಹೇಳಲಾರಳು.

ನಂಬಿಕೆ ಬಾರದಿದ್ದರೆ, ಮುಂದಿನ ಸಲ ಮೀನು ತಂದಾಗ ಎಡಗೈಯನ್ನು ಸೋಪಿನಿಂದ ಮಾತ್ರ ತೊಳೆ, ಬಲಗೈಗೆ ಬಿಂಬುಳಿ ಉಜ್ಜು. ಯಾವ ಕೈಗೆ ಏನು ಹಾಕಿದ್ದೀ ಎಂದು ಹೇಳದೆ ಎರಡನ್ನೂ ದೊಡ್ಡಮ್ಮನ ಮೂಗಿನ ಹತ್ತಿರ ಹಿಡಿ. ಅವಳು ಏನು ಹೇಳಿದಳೆಂದು ಗುಂಪಿನಲ್ಲಿಯೇ ಹಾಕು.